ಒಂದು ಜೋಡಿ ತಂತಿ, ಎರಡು ಕೆಲಸ: ಮನೆಯ ಫ್ಯಾಕ್ಸು ಮತ್ತು ಇಂಟರ್ನೆಟ್ಟಿನ ಕೂಡುಬಾಳು

(ಕುಂದಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸಕ್ಕೆ ಸಾಹಿತ್ಯ, ಇತಿಹಾಸ, ಯಕ್ಷಗಾನ ಮುಂತಾದ ವಿಷಯಗಳನ್ನು ಆರಿಸುವುದು ವಾಡಿಕೆ. ಈ ಬಾರಿ ಮನೆಯ ಫ್ಯಾಕ್ಸ್ ಯಂತ್ರ ಮತ್ತು ಅದೇ ಫೋನ್ ಲೈನಿನಲ್ಲಿ ಬರುವ ಇಂಟರ್ನೆಟ್ಟಿನ ನಡುವೆ ಏಳುವ ತಕರಾರುಗಳ ಬಗ್ಗೆ ಮಾತನಾಡಬೇಕೆಂದು ಕೇಳಿಕೊಂಡೆ. ಸಂಘಟಕರು ಒಪ್ಪಿದರು. ದಿನಬಳಕೆಯ ಯಂತ್ರದ ಒಳಗುಟ್ಟನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದೂ ಕನ್ನಡದ ಕೆಲಸವೇ ಎಂದು ನಂಬಿದವನು ನಾನು.

ನನ್ನ ಮಾತಿನ ತಿರುಳು ಇಷ್ಟು. ಫ್ಯಾಕ್ಸ್ ಹೋಗದಿದ್ದರೆ ಯಂತ್ರ ಕೆಟ್ಟಿದೆ ಎನ್ನುತ್ತೇವೆ. ಇಂಟರ್ನೆಟ್ ಕಡಿದು ಹೋದರೆ ಮೋಡೆಮ್ ಕೆಟ್ಟಿದೆ ಎನ್ನುತ್ತೇವೆ. ಬಹಳಷ್ಟು ಸಲ ಎರಡೂ ಸರಿಯಾಗಿಯೇ ಇರುತ್ತವೆ. ದೋಷ ಇರುವುದು ಅವುಗಳ ಕೂಡಿಕೆಯಲ್ಲಿ. ಒಂದೊಂದನ್ನೇ ಬಿಡಿಸಿ, ಮತ್ತೆ ಒಂದೊಂದನ್ನೇ ಸೇರಿಸಿ ನೋಡುವ ತಾಳ್ಮೆಯಿದ್ದರೆ ಆ ದೋಷವನ್ನು ಮನೆಯವರೇ ಹಿಡಿಯಬಹುದು.

ಫ್ಯಾಕ್ಸು ನಮಗೆ ಏಕೆ ಬೇಕಾಯಿತು

ಫ್ಯಾಕ್ಸು ಟೆಲಿಫೋನಿಗಿಂತ ಹಳೆಯದು. ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಬೇನ್ 1843ರಲ್ಲಿಯೇ ತಂತಿಯ ಮೂಲಕ ಚಿತ್ರ ಕಳುಹಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಬೆಲ್ಲನ ಟೆಲಿಫೋನಿಗೆ ಪೇಟೆಂಟ್ ಸಿಕ್ಕಿದ್ದು 1876ರಲ್ಲಿ. ಆದರೆ ಫ್ಯಾಕ್ಸು ಸಾಮಾನ್ಯ ಕಚೇರಿಗೆ ಇಳಿದದ್ದು 1980ರಲ್ಲಿ ‘ಗ್ರೂಪ್ 3’ ಎಂಬ ಅಂತರರಾಷ್ಟ್ರೀಯ ನಿಯಮ ಬಂದ ಮೇಲೆ. ಯಾವ ಕಂಪನಿಯ ಯಂತ್ರವಾದರೂ ಇನ್ನೊಂದು ಕಂಪನಿಯ ಯಂತ್ರದೊಡನೆ ಮಾತನಾಡಬಲ್ಲದು ಎಂಬ ಭರವಸೆ ಆ ನಿಯಮದಿಂದ ಹುಟ್ಟಿತು.

ನಮ್ಮ ಕಡೆಗೆ ಫ್ಯಾಕ್ಸು ಬಂದದ್ದು ಫೋನು ಹಳ್ಳಿಗೆ ಇಳಿದ ಕಾಲದಲ್ಲಿ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ 128 ಲೈನುಗಳ ಸಣ್ಣ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿತು. ಎ.ಸಿ. ಕೋಣೆ ಬೇಡದ, ಬಿಸಿಲು ಧೂಳು ತಡೆಯುವ ಈ ಎಕ್ಸ್‌ಚೇಂಜ್ ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ಮುಂದಿನ ವರ್ಷಗಳಲ್ಲಿ ಪೇಟೆ ಪೇಟೆಯಲ್ಲಿ ಹಳದಿ ಬೋರ್ಡುಗಳು ಎದ್ದವು: ಎಸ್.ಟಿ.ಡಿ., ಐ.ಎಸ್.ಡಿ., ಪಿ.ಸಿ.ಒ.; ಅದರ ಕೆಳಗೆ ಝೆರಾಕ್ಸ್, ಫ್ಯಾಕ್ಸ್. ಕೊಲ್ಲಿ ದೇಶಗಳಲ್ಲಿ ದುಡಿಯುವವರು, ಮುಂಬಯಿ ಬೆಂಗಳೂರಿನಲ್ಲಿ ಹೋಟೆಲು ನಡೆಸುವವರು, ಗೇರುಬೀಜ ಮತ್ತು ಹೆಂಚಿನ ಕಾರ್ಖಾನೆಯವರು, ಮೀನಿನ ವ್ಯಾಪಾರಿಗಳು ಇರುವ ಈ ನಾಡಿಗೆ ದೂರದ ಊರಿಗೆ ಕಾಗದ ಮುಟ್ಟಿಸುವ ಅಗತ್ಯ ಬೇರೆ ಕಡೆಗಿಂತ ಹೆಚ್ಚೇ ಇತ್ತು. ವೀಸಾದ ಪ್ರತಿ, ಆರ್ಡರು, ಬಿಲ್ಲು, ವೈದ್ಯರ ಚೀಟಿ ಎಲ್ಲವೂ ಫ್ಯಾಕ್ಸಿನಲ್ಲಿ ಓಡಾಡಿದವು.

ಫ್ಯಾಕ್ಸಿನಿಂದ ಕನ್ನಡಕ್ಕೆ ಆದ ಉಪಕಾರವನ್ನು ನಾವು ಸಾಕಷ್ಟು ನೆನೆದಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬಂದ ಮೊದಲ ವರ್ಷಗಳಲ್ಲಿ ಒಬ್ಬರ ಫಾಂಟು ಇನ್ನೊಬ್ಬರಲ್ಲಿ ತೆರೆಯುತ್ತಿರಲಿಲ್ಲ. ಫ್ಯಾಕ್ಸಿಗೆ ಲಿಪಿಯ ಹಂಗೇ ಇಲ್ಲ; ಕಾಗದದ ಮೇಲೆ ಇರುವುದನ್ನು ಚುಕ್ಕಿ ಚುಕ್ಕಿಯಾಗಿ ಕಳುಹಿಸುವುದಷ್ಟೇ ಅದರ ಕೆಲಸ. ತಾಲೂಕಿನ ವರದಿಗಾರರು ಕೈಯಲ್ಲಿ ಬರೆದ ಸುದ್ದಿಯನ್ನು ಒತ್ತಕ್ಷರವೂ ಕೆಡದಂತೆ ಮಣಿಪಾಲದ, ಮಂಗಳೂರಿನ ಪತ್ರಿಕಾ ಕಚೇರಿಗಳಿಗೆ ಮುಟ್ಟಿಸಲು ಸಾಧ್ಯವಾದದ್ದು ಇದರಿಂದ.

ತಂತಿಯೊಳಗೆ ನಡೆಯುವುದೇನು

ಎಕ್ಸ್‌ಚೇಂಜಿನಿಂದ ಮನೆಗೆ ಬರುವುದು ಒಂದು ಜೋಡಿ ತಾಮ್ರದ ತಂತಿ. ಫೋನು ಕೆಳಗಿಟ್ಟಾಗ ಅದರಲ್ಲಿ ಸುಮಾರು 48 ವೋಲ್ಟಿನ ನೇರ ವಿದ್ಯುತ್ತು ಇರುತ್ತದೆ. ರಿಂಗು ಬರುವಾಗ ಅದರ ಮೇಲೆ 75 ವೋಲ್ಟಿನ ಆಸುಪಾಸಿನ ಪರ್ಯಾಯ ವಿದ್ಯುತ್ತು ಸೇರುತ್ತದೆ. ನಮ್ಮ ಮಾತು ಸಾಗುವುದು ಸೆಕೆಂಡಿಗೆ 300ರಿಂದ 3,400 ಕಂಪನಗಳ ಪಟ್ಟಿಯಲ್ಲಿ. ಫ್ಯಾಕ್ಸೂ ಇದೇ ಪಟ್ಟಿಯಲ್ಲಿ ಸಾಗುತ್ತದೆ. ಲೈನಿನ ಕಣ್ಣಿಗೆ ಅದು ಮನುಷ್ಯರ ಮಾತಿನಂತೆಯೇ.

ಇಂಟರ್ನೆಟ್ಟು ಎರಡು ಹಂತದಲ್ಲಿ ಬಂತು. ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. ಆಗಿನದು ಡಯಲ್-ಅಪ್; ಅದೂ ಮಾತಿನ ಪಟ್ಟಿಯನ್ನೇ ಬಳಸುತ್ತಿತ್ತು. ಹಾಗಾಗಿ ಮಗ ಇಂಟರ್ನೆಟ್ಟಿನಲ್ಲಿ ಕೂತರೆ ಫ್ಯಾಕ್ಸ್ ಕಳುಹಿಸಿದವರಿಗೆ ‘ಎಂಗೇಜ್’ ಸದ್ದು. ಆ ಕಾಲದ ತಕರಾರಿಗೆ ಮದ್ದೆಂದರೆ ಸರದಿಯ ಮೇಲೆ ಬಳಸುವುದು ಮಾತ್ರ.

2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಡೇಟಾವನ್ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಇದು ಎ.ಡಿ.ಎಸ್.ಎಲ್. ಎಂಬ ಉಪಾಯ. ಮಾತಿನ ಪಟ್ಟಿಯನ್ನು ಮುಟ್ಟದೆ, 25 ಸಾವಿರ ಕಂಪನಗಳಿಂದ ಮೇಲೆ 11 ಲಕ್ಷದವರೆಗಿನ ಎತ್ತರದ ಪಟ್ಟಿಯನ್ನು ಇಂಟರ್ನೆಟ್ಟಿಗೆ ಬಿಟ್ಟುಕೊಡುವುದು. ಮುಂದಿನ ತಲೆಮಾರಿನ ಎ.ಡಿ.ಎಸ್.ಎಲ್.2 ಪ್ಲಸ್ ಇದನ್ನು 22 ಲಕ್ಷಕ್ಕೆ ಏರಿಸಿತು. ಹೀಗೆ ಒಂದೇ ತಂತಿಯಲ್ಲಿ ಫೋನೂ ಇಂಟರ್ನೆಟ್ಟೂ ಏಕಕಾಲಕ್ಕೆ ನಡೆಯುವಂತಾಯಿತು.

ಎರಡೂ ಪಟ್ಟಿಗಳು ತಂತಿಯಲ್ಲಿ ದೂರ ದೂರ ಇದ್ದರೂ, ಕಿವಿಗೆ ಹಿಡಿಯುವ ಫೋನಿಗೋ ಫ್ಯಾಕ್ಸಿಗೋ ಆ ಭೇದ ತಿಳಿಯದು. ಅದನ್ನು ತಿಳಿಸಿಕೊಡುವುದು ಸ್ಪ್ಲಿಟ್ಟರ್ ಅಥವಾ ಫಿಲ್ಟರ್ ಎಂಬ ಪುಟ್ಟ ಡಬ್ಬಿ. ನಮ್ಮ ಹೊಳೆಗಳ ಕಿಂಡಿ ಅಣೆಕಟ್ಟನ್ನು ನೆನಪಿಸಿಕೊಳ್ಳಿ. ಉಬ್ಬರದ ಉಪ್ಪುನೀರು ಗದ್ದೆಯ ಕಡೆಗೆ ಏರದಂತೆ ಕಿಂಡಿಗಳಿಗೆ ಹಲಗೆ ಹಾಕುತ್ತೇವೆ. ಒಂದು ಕಿಂಡಿಗೆ ಹಲಗೆ ಹಾಕಲು ಮರೆತರೂ ಉಪ್ಪು ಇಡೀ ಬಯಲಿಗೆ ಏರುತ್ತದೆ. ಫಿಲ್ಟರಿನ ವಿಷಯವೂ ಅಷ್ಟೇ: ಮನೆಯ ಒಂದೇ ಒಂದು ಫೋನು ಫಿಲ್ಟರ್ ಇಲ್ಲದೆ ಲೈನಿಗೆ ಸೇರಿದ್ದರೆ ಅದರ ಬಾಧೆ ಫ್ಯಾಕ್ಸಿಗೂ ತಟ್ಟುತ್ತದೆ, ಮೋಡೆಮ್ಮಿಗೂ ತಟ್ಟುತ್ತದೆ.

ಬಿಡಿಸಿ ನೋಡುವ ಕ್ರಮ

ಈಗ ಕೆಲಸಕ್ಕೆ ಬರೋಣ. ಫ್ಯಾಕ್ಸು ಹೋಗುತ್ತಿಲ್ಲ, ಅಥವಾ ಫ್ಯಾಕ್ಸು ಬಂದಾಗಲೆಲ್ಲ ಇಂಟರ್ನೆಟ್ ಕಡಿಯುತ್ತದೆ. ಎಲ್ಲಿಂದ ಶುರು ಮಾಡಬೇಕು?

ಮೊದಲು ಎಲ್ಲವನ್ನೂ ಕಳಚಿ. ಮೋಡೆಮ್, ಫ್ಯಾಕ್ಸು, ಒಳಕೋಣೆಯ ಫೋನು, ಮಾಳಿಗೆಯ ಪ್ಯಾರಲಲ್ ಫೋನು, ಎಲ್ಲವೂ. ಗೋಡೆಯಲ್ಲಿ ಫೋನಿನ ತಂತಿ ಬಂದು ಸೇರುವ ರೋಸೆಟ್ ಡಬ್ಬಿಗೆ ಒಂದು ಸಾದಾ ಫೋನನ್ನು ನೇರ ಹಾಕಿ ಡಯಲ್ ಟೋನ್ ಕೇಳಿ. ಆಮೇಲೆ ಯಾವುದಾದರೂ ಒಂದು ಅಂಕಿ ಒತ್ತಿ. ಟೋನು ನಿಂತು ಲೈನು ಸ್ವಲ್ಪ ಹೊತ್ತು ಮೌನವಾಗುತ್ತದೆ. ಆ ಮೌನದಲ್ಲಿ ಕರಕರ ಸದ್ದು ಕೇಳಿದರೆ ದೋಷ ಹೊರಗಿನ ಲೈನಿನಲ್ಲಿದೆ. ಅದು ಲೈನ್‌ಮನ್ನರ ಕೆಲಸ. ಫ್ಯಾಕ್ಸಿನ ಬಟನ್ನು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ.

ಮೌನ ಶುದ್ಧವಾಗಿದ್ದರೆ ಎರಡನೆಯ ಹೆಜ್ಜೆ. ಸ್ಪ್ಲಿಟ್ಟರನ್ನು ಸೇರಿಸಿ. ಅದಕ್ಕೆ ಮೂರು ಬಾಯಿಗಳು: ಲೈನ್, ಫೋನ್, ಮೋಡೆಮ್. ರೋಸೆಟ್ಟಿನ ತಂತಿ ‘ಲೈನ್’ಗೆ, ಮೋಡೆಮ್ಮಿನದು ‘ಮೋಡೆಮ್’ಗೆ. ‘ಫೋನ್’ ಬಾಯಿಗೆ ಸದ್ಯಕ್ಕೆ ಸಾದಾ ಫೋನೇ ಇರಲಿ. ಮೋಡೆಮ್ಮಿನ ಡಿ.ಎಸ್.ಎಲ್. ದೀಪ ಮಿಣುಕುವುದು ನಿಂತು ಸ್ಥಿರವಾದ ಮೇಲೆ ಮತ್ತೆ ಒಂದು ಅಂಕಿ ಒತ್ತಿ ಮೌನ ಕೇಳಿ. ಈಗ ‘ಸ್ಸ್’ ಎಂಬ ಉಸಿರಿನ ಸದ್ದು ಹೊಸದಾಗಿ ಬಂದಿದ್ದರೆ ಸ್ಪ್ಲಿಟ್ಟರ್ ಸೋರುತ್ತಿದೆ, ಬದಲಿಸಬೇಕು.

ಮೂರನೆಯದಾಗಿ ಫೋನು ತೆಗೆದು ಫ್ಯಾಕ್ಸು ಹಾಕಿ. ಫ್ಯಾಕ್ಸಿನ ಹಿಂದೆ ಎರಡು ತೂತುಗಳಿರುತ್ತವೆ. ‘ಲೈನ್’ ಎಂದು ಬರೆದದ್ದಕ್ಕೆ ಸ್ಪ್ಲಿಟ್ಟರಿನಿಂದ ಬಂದ ತಂತಿ. ‘ಎಕ್ಸ್ಟ್’ ಅಥವಾ ‘ಟೆಲ್’ ಎಂಬುದಕ್ಕೆ ಮೇಜಿನ ಫೋನು. ಇವು ಅದಲುಬದಲಾಗಿದ್ದರೆ ಫ್ಯಾಕ್ಸು ಲೈನನ್ನು ಸರಿಯಾಗಿ ಹಿಡಿಯಲಾರದು. ಫಿಲ್ಟರಿನ ಹಿಂದೆ ಇನ್ನೊಂದು ಫಿಲ್ಟರ್ ಹಾಕುವ ಅಭ್ಯಾಸವೂ ಒಳ್ಳೆಯದಲ್ಲ. ಇಂಟರ್ನೆಟ್ಟಿನ ಸದ್ದು ಒಂದರಲ್ಲೇ ತಡೆಯುತ್ತದೆ, ಎರಡನೆಯದು ಫ್ಯಾಕ್ಸಿನ ಸದ್ದನ್ನೇ ಕುಗ್ಗಿಸುತ್ತದೆ.

ನಾಲ್ಕನೆಯದಾಗಿ, ಕಳಚಿಟ್ಟ ಪ್ಯಾರಲಲ್ ಫೋನುಗಳನ್ನು ಒಂದೊಂದಾಗಿ ಮತ್ತೆ ಸೇರಿಸಿ, ಪ್ರತಿ ಸಲವೂ ಒಂದು ಪುಟ ಫ್ಯಾಕ್ಸ್ ಕಳುಹಿಸಿ, ದೀಪ ನೋಡಿ. ನಮ್ಮ ಮನೆಗಳಲ್ಲಿ ಬಹುಪಾಲು ಕಳ್ಳ ಸಿಗುವುದು ಇಲ್ಲಿಯೇ. ಹೊಸ ಕೋಣೆ ಕಟ್ಟಿದಾಗ ಎಲೆಕ್ಟ್ರೀಷಿಯನ್ನರು ರೋಸೆಟ್ಟಿನ ಹಿಂದಿನಿಂದಲೇ ತಂತಿ ಎಳೆದು ಕೊಟ್ಟ ಫೋನು ಸ್ಪ್ಲಿಟ್ಟರನ್ನು ಹಾಯದೆ ನೇರ ಲೈನಿಗೆ ಸೇರಿರುತ್ತದೆ. ಅದನ್ನು ಎತ್ತಿದೊಡನೆ ಇಂಟರ್ನೆಟ್ಟು ಬೀಳುತ್ತದೆ. ಪ್ಯಾರಲಲ್ ಫೋನು ಹೆಚ್ಚಾದಷ್ಟೂ ರಿಂಗಿನ ಶಕ್ತಿ ಹಂಚಿಹೋಗಿ, ಫ್ಯಾಕ್ಸು ರಿಂಗನ್ನೇ ಗುರುತಿಸದಿರುವುದೂ ಉಂಟು. ಪರಿಹಾರ ಎರಡು: ಸ್ಪ್ಲಿಟ್ಟರನ್ನು ಮನೆಯೊಳಗೆ ಲೈನು ಬರುವ ಮೊದಲ ಜಾಗದಲ್ಲೇ ಇಟ್ಟು ಎಲ್ಲ ಫೋನುಗಳನ್ನೂ ಅದರ ‘ಫೋನ್’ ಬಾಯಿಯಿಂದಲೇ ತೆಗೆಯುವುದು, ಇಲ್ಲವೇ ಪ್ರತಿ ಫೋನಿಗೂ ಬೇರೆ ಬೇರೆ ಫಿಲ್ಟರ್ ಹಾಕುವುದು. ಮೊದಲನೆಯದೇ ಮೇಲು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕೆಂಬುದನ್ನು ಮರೆಯಬಾರದು. ಅವಸರದಲ್ಲಿ ತಂತಿಯನ್ನೂ ಸ್ಪ್ಲಿಟ್ಟರನ್ನೂ ಒಟ್ಟಿಗೆ ಬದಲಿಸಿದರೆ ಫ್ಯಾಕ್ಸು ಸರಿಯಾಗಬಹುದು, ಆದರೆ ಯಾವುದರಿಂದ ಸರಿಯಾಯಿತು ಎಂಬುದು ತಿಳಿಯುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಮತ್ತೆ ಮೊದಲಿನಿಂದ ಹುಡುಕಬೇಕು.

ಯಂತ್ರಗಳ ಪರಸ್ಪರ ಮಾತು

ಕೂಡಿಕೆ ಸರಿಯಿದ್ದೂ ಪುಟ ಅರ್ಧಕ್ಕೆ ನಿಂತರೆ, ಫ್ಯಾಕ್ಸು ಹೇಗೆ ಮಾತನಾಡುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಬೇಕು. ಕರೆ ಮಾಡಿದ ಯಂತ್ರ 1,100 ಕಂಪನಗಳ ಕೂಗನ್ನು ಅರ್ಧ ಸೆಕೆಂಡು ಹಾಕಿ, ಮೂರು ಸೆಕೆಂಡು ಸುಮ್ಮನಿದ್ದು, ಮತ್ತೆ ಹಾಕುತ್ತದೆ. ಉತ್ತರಿಸುವ ಯಂತ್ರ 2,100 ಕಂಪನಗಳ ಉದ್ದನೆಯ ಸ್ವರ ಕೊಡುತ್ತದೆ. ಆಮೇಲೆ ತನಗೆ ಏನೇನು ಸಾಧ್ಯ ಎಂಬುದನ್ನು ನಿಧಾನದ ವೇಗದಲ್ಲಿ ತಿಳಿಸುತ್ತದೆ. ಕಳುಹಿಸುವ ಯಂತ್ರ ಒಂದೂವರೆ ಸೆಕೆಂಡಿನ ಪರೀಕ್ಷೆಯ ಸಂಕೇತ ಕಳುಹಿಸುತ್ತದೆ. ಅದು ಕೆಟ್ಟು ತಲುಪಿದರೆ ವೇಗ ಸೆಕೆಂಡಿಗೆ 14,400 ಬಿಟ್ಟಿನಿಂದ 12,000ಕ್ಕೆ, 9,600ಕ್ಕೆ, ಹೀಗೆ 2,400 ಬಿಟ್ಟಿನವರೆಗೂ ಮೆಟ್ಟಿಲಿಳಿಯುತ್ತದೆ.

ಗದ್ದಲದ ಲೈನಿನಲ್ಲಿ ಈ ಮೆಟ್ಟಿಲಿಳಿಯುವಿಕೆಯೇ ಸಮಯ ತಿನ್ನುತ್ತದೆ, ಕೆಲವೊಮ್ಮೆ ಅಲ್ಲಿಯೇ ಸಂಪರ್ಕ ಕಡಿಯುತ್ತದೆ. ಯಂತ್ರದ ಮೆನುವಿನಲ್ಲಿ ವೇಗವನ್ನು 9,600ಕ್ಕೆ ಇಳಿಸಿಟ್ಟರೆ ಹೆಚ್ಚಿನ ಸಂದರ್ಭಗಳಲ್ಲಿ ಪುಟ ನೆಮ್ಮದಿಯಿಂದ ಹೋಗುತ್ತದೆ. ಇದರಿಂದ ನಷ್ಟ ಎಷ್ಟು? ಸಾಧಾರಣ ಗುಣಮಟ್ಟದ ಎ4 ಪುಟವೊಂದರಲ್ಲಿ ಅಡ್ಡಕ್ಕೆ 1,728 ಚುಕ್ಕಿಗಳು, ಉದ್ದಕ್ಕೆ ಸುಮಾರು 1,140 ಸಾಲುಗಳು. ಒಟ್ಟು ಇಪ್ಪತ್ತು ಲಕ್ಷದಷ್ಟು ಚುಕ್ಕಿ. ಇದ್ದ ಹಾಗೆಯೇ ಕಳುಹಿಸಿದರೆ 9,600ರ ವೇಗದಲ್ಲಿ ಮೂರೂವರೆ ನಿಮಿಷ ಬೇಕು. ಆದರೆ ಖಾಲಿ ಬಿಳಿ ಜಾಗವನ್ನು ಯಂತ್ರ ಸಂಕ್ಷೇಪಿಸಿ ಕಳುಹಿಸುವುದರಿಂದ ಸಾಮಾನ್ಯ ಪತ್ರ ಒಂದು ನಿಮಿಷದ ಒಳಗೆ ಮುಗಿಯುತ್ತದೆ. ಕೆಲವು ಸೆಕೆಂಡು ಹೆಚ್ಚು ಹೋದರೂ ಪತ್ರ ಪೂರ್ತಿ ತಲುಪುವುದು ಮುಖ್ಯ.

ಮೆನುವಿನಲ್ಲಿ ಇ.ಸಿ.ಎಂ. ಎಂಬ ಇನ್ನೊಂದು ಏರ್ಪಾಡಿದೆ. ಅದು ಚಾಲೂ ಇದ್ದರೆ ಕೆಟ್ಟು ತಲುಪಿದ ತುಂಡುಗಳನ್ನು ಮತ್ತೆ ಕಳುಹಿಸಲಾಗುತ್ತದೆ. ಇಲ್ಲದಿದ್ದರೆ ಪುಟ ನಿಲ್ಲದೆ ಹೋಗುತ್ತದೆ, ಆದರೆ ನಡುನಡುವೆ ಗೆರೆ ಬೀಳುತ್ತದೆ. ಕಾಲ್ ವೇಟಿಂಗ್ ಸೌಲಭ್ಯವಿರುವ ಲೈನಿನಲ್ಲಿ ಎರಡನೆಯ ಕರೆಯ ‘ಬೀಪ್’ ಫ್ಯಾಕ್ಸಿನ ಮಾತನ್ನು ಕೆಡಿಸುತ್ತದೆ. ಅದನ್ನು ತೆಗೆಸುವುದು ಒಳಿತು. ಎಸ್.ಟಿ.ಡಿ. ಲಾಕ್ ಇದ್ದರೆ ಊರೊಳಗಿನ ಫ್ಯಾಕ್ಸ್ ಹೋಗುತ್ತದೆ, ಹೊರಗಿನದು ಹೋಗುವುದಿಲ್ಲ. ನಮ್ಮಲ್ಲಿ ಇದನ್ನು ಗಮನಿಸಲೇಬೇಕು: ಕುಂದಾಪುರ ಬೈಂದೂರಿನ ಕೋಡ್ 08254, ಬ್ರಹ್ಮಾವರದ್ದು ಉಡುಪಿಯ 0820. ಕೋಟೇಶ್ವರದಿಂದ ಬ್ರಹ್ಮಾವರಕ್ಕೆ ಬಸ್ಸಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ, ಫೋನಿಗೆ ಮಾತ್ರ ಅದು ಬೇರೆ ಊರು. ಹಿಂದೆ ಹತ್ತಿರದ ಊರುಗಳಿಗೆ 95 ಸೇರಿಸಿ ಡಯಲ್ ಮಾಡುವ ಕ್ರಮವಿತ್ತು. ಆ ಕಾಲದಲ್ಲಿ ಯಂತ್ರದ ನೆನಪಿನಲ್ಲಿ ಉಳಿಸಿಟ್ಟ ನಂಬರುಗಳನ್ನೂ ಒಮ್ಮೆ ನೋಡಿ.

ಮಳೆ, ಉಪ್ಪುಗಾಳಿ, ಸಿಡಿಲು

ಪುಸ್ತಕದ ಸೂಚನೆಗಳು ಬೇರೆ ಹವೆಯ ನಾಡಿನಲ್ಲಿ ಬರೆದವು. ನಮ್ಮ ಕಷ್ಟಕ್ಕೆ ನಮ್ಮ ನೆಲವೇ ಕಾರಣ ಹೇಳುತ್ತದೆ.

ಬಯಲುಸೀಮೆಯ ಹಾಗೆ ಇಲ್ಲಿ ಮನೆಗಳು ಒತ್ತಾಗಿಲ್ಲ. ಗದ್ದೆಯಾಚೆ ಒಂದು, ತೋಟದೊಳಗೆ ಒಂದು. ಎಕ್ಸ್‌ಚೇಂಜಿನಿಂದ ತಂತಿ ಬಹಳ ದೂರ ಸುತ್ತಿ ಬರಬೇಕು. ಎ.ಡಿ.ಎಸ್.ಎಲ್. ಸಂಕೇತ ದೂರ ಹೋದಂತೆ ಕುಗ್ಗುತ್ತದೆ. ನಾಲ್ಕೈದು ಕಿಲೋಮೀಟರು ದಾಟಿದರೆ ಬಹಳ ದುರ್ಬಲ. ದುರ್ಬಲ ಸಂಕೇತಕ್ಕೆ ಫ್ಯಾಕ್ಸು ಲೈನು ಹಿಡಿದಾಗ ಆಗುವ ಸಣ್ಣ ಅಲುಗಾಟವೂ ದೊಡ್ಡದು. ಕಂಪ್ಯೂಟರಿನಲ್ಲಿ ತೆರೆಯುವ ಮೋಡೆಮ್ಮಿನ ಪುಟದಲ್ಲಿ ‘ಎಸ್.ಎನ್.ಆರ್. ಮಾರ್ಜಿನ್’ ಎಂಬ ಅಂಕಿ ಇರುತ್ತದೆ. ಅದು 6 ಡೆಸಿಬೆಲ್‌ಗಿಂತ ಕೆಳಗಿದ್ದರೆ ಸಂಪರ್ಕ ನಿಲ್ಲುವುದು ಕಷ್ಟ. ಫ್ಯಾಕ್ಸು ನಡೆಯುವಾಗಲೂ ನಿಂತಾಗಲೂ ಆ ಅಂಕಿಯನ್ನು ಬರೆದಿಟ್ಟುಕೊಂಡರೆ ಲೈನ್‌ಮನ್ನರಿಗೆ ತೋರಿಸಲು ಗಟ್ಟಿ ಸಾಕ್ಷಿ.

ಕಂಬದಿಂದ ಮನೆಗೆ ಬರುವ ಡ್ರಾಪ್ ವೈರಿನ ಮೇಲೆ ತೆಂಗಿನ ಮಡಲು ಬೀಳುತ್ತದೆ. ಹೊದಿಕೆ ಸೀಳಿದ ಕಡೆ ನೀರು ಇಳಿಯುತ್ತದೆ. ಕಡಲ ಹತ್ತಿರದ ಗಂಗೊಳ್ಳಿ, ಮರವಂತೆ, ಕೋಡಿಯಂಥ ಊರುಗಳಲ್ಲಿ ಉಪ್ಪಿನ ತೇವ ಜಾಯಿಂಟುಗಳಿಗೆ ಹಸಿರು ಕಿಲುಬು ಹಿಡಿಸುತ್ತದೆ. ಕಿಲುಬು ಹಿಡಿದ ಜಾಯಿಂಟು ಮಾತಿಗೆ ಹೇಗೋ ಸಾಲುತ್ತದೆ, ಇಂಟರ್ನೆಟ್ಟಿಗೆ ಸಾಲದು. ‘ಫೋನು ಸರಿ ಇದೆ, ನೆಟ್ಟು ಮಾತ್ರ ಇಲ್ಲ’ ಎನ್ನುವ ಮಾತಿನ ಹಿಂದೆ ಅನೇಕ ಸಲ ಇರುವುದು ಇದೇ. ರೋಸೆಟ್ಟಿನ ಮುಚ್ಚಳ ಬಿಚ್ಚಿ, ತಂತಿಯ ತುದಿ ಕತ್ತರಿಸಿ, ಹೊಳೆಯುವ ತಾಮ್ರ ಕಾಣುವಂತೆ ಕೆರೆದು, ಸ್ಕ್ರೂ ಬಿಗಿದರೆ ಮನೆಯೊಳಗಿನ ಅರ್ಧ ತೊಂದರೆ ಕಳೆಯುತ್ತದೆ. ರಿಂಗು ಬರುವಾಗ ತಂತಿ ಮುಟ್ಟಿದರೆ ಜುಂ ಎನ್ನುತ್ತದೆ. ಆದ್ದರಿಂದ ಒಣಗಿದ ಕೈ, ಕಾಲಿಗೆ ಚಪ್ಪಲಿ ಇರಲಿ.

ಸಿಡಿಲಿನ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಮುಂಗಾರಿನ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ, ಮಳೆ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ಗುಡುಗು ಹೆಚ್ಚು. ಫ್ಯಾಕ್ಸಿಗೆ ಎರಡು ಕಡೆಯಿಂದ ತಂತಿ ಬರುತ್ತದೆ: ಕರೆಂಟಿನದು ಒಂದು, ಫೋನಿನದು ಒಂದು. ಕರೆಂಟಿನ ಪ್ಲಗ್ ಮಾತ್ರ ತೆಗೆದು ಫೋನಿನ ತಂತಿ ಬಿಟ್ಟರೆ ಸಿಡಿಲಿಗೆ ದಾರಿ ಉಳಿದೇ ಇರುತ್ತದೆ. ಮೋಡ ಕಟ್ಟಿದಾಗಲೇ, ಗುಡುಗು ಕೇಳುವ ಮೊದಲೇ, ಎರಡನ್ನೂ ತೆಗೆಯಿರಿ. ಗುಡುಗುವಾಗ ತಂತಿಗೆ ಕೈ ಹಾಕಬೇಡಿ; ಯಂತ್ರ ಹೋದರೆ ಹೋಗಲಿ. ಕೆಂಪುಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹೊಯ್ಯಬೇಕು.

 

ತಾಮ್ರದಿಂದ ಗಾಜಿನ ಎಳೆಗೆ

ಈಗ ಬಹಳ ಮನೆಗಳಿಗೆ ಫೈಬರ್ ಬಂದಿದೆ. ಬೆಳಕಿನ ಎಳೆಗೆ ಕಿಲುಬಿಲ್ಲ, ಸಿಡಿಲನ್ನು ಅದು ಒಳಗೆ ತರುವುದಿಲ್ಲ, ದೂರದ ಮನೆಗೂ ವೇಗ ಕುಗ್ಗುವುದಿಲ್ಲ. ಸ್ಪ್ಲಿಟ್ಟರಿನ ತಕರಾರು ಮುಗಿಯಿತು. ಆದರೆ ಫ್ಯಾಕ್ಸಿಗೆ ಹೊಸ ತಕರಾರು ಹುಟ್ಟಿತು. ಫೈಬರ್ ಡಬ್ಬಿಯ ಫೋನ್ ಬಾಯಿಯಿಂದ ಹೊರಡುವ ಸದ್ದು ಪ್ಯಾಕೆಟ್ಟುಗಳಾಗಿ ತುಂಡಾಗಿ ಹೋಗುತ್ತದೆ. ಮಾತಿನಲ್ಲಿ ಒಂದು ಪ್ಯಾಕೆಟ್ ತಪ್ಪಿದರೆ ನಮ್ಮ ಕಿವಿ ತುಂಬಿಕೊಳ್ಳುತ್ತದೆ. ಫ್ಯಾಕ್ಸಿಗೆ ಆ ಸೌಲಭ್ಯವಿಲ್ಲ. ಇದಕ್ಕೆಂದೇ 1998ರಲ್ಲಿ ಟಿ.38 ಎಂಬ ನಿಯಮ ರೂಪುಗೊಂಡಿತು. ಸೇವೆ ಕೊಡುವವರು ಅದನ್ನು ಚಾಲೂ ಮಾಡಿದ್ದಾರೆಯೇ ಎಂದು ಕೇಳಿ. ಇಲ್ಲವಾದರೆ ಸಂಕ್ಷೇಪಿಸದ ಜಿ.711 ವಿಧಾನದಲ್ಲಿ ಕರೆ ಹೋಗುವಂತೆ ಮಾಡಿಸಿ, ಫ್ಯಾಕ್ಸಿನ ವೇಗ 9,600ಕ್ಕೆ ಇಳಿಸಿ, ‘ಸೂಪರ್ ಜಿ3’ ಎಂಬ ಹೆಚ್ಚಿನ ವೇಗದ ಏರ್ಪಾಡನ್ನು ನಿಲ್ಲಿಸಿ ನೋಡಿ.

ಇನ್ನೊಂದು ವ್ಯತ್ಯಾಸ ನೆನಪಿಡಬೇಕು. ತಾಮ್ರದ ಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುತ್ತಿತ್ತು. ಮನೆಯಲ್ಲಿ ಕರೆಂಟು ಹೋದರೂ ಸಾದಾ ಫೋನು ಜೀವಂತ. ಫೈಬರ್ ಡಬ್ಬಿಗೆ ಮನೆಯ ಕರೆಂಟೇ ಬೇಕು. ಆಷಾಢದ ಗಾಳಿಮಳೆಯಲ್ಲಿ ದಿನಗಟ್ಟಲೆ ಕರೆಂಟಿಲ್ಲದ ನಮ್ಮ ಒಳನಾಡಿನ ಊರುಗಳಲ್ಲಿ, ವಯಸ್ಸಾದವರು ಮಾತ್ರ ಇರುವ ಮನೆಗಳಲ್ಲಿ, ಆ ಡಬ್ಬಿಗೆ ಇನ್ವರ್ಟರಿನ ಸಂಪರ್ಕ ಕೊಡುವುದು ಅತ್ಯಗತ್ಯ.

ಫ್ಯಾಕ್ಸಿನ ಕಾಲ ಮುಗಿಯಿತಲ್ಲ, ಈ ತಿಳಿವಳಿಕೆ ಏಕೆ ಎಂದು ಯುವಕರು ಕೇಳಬಹುದು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳು 2019ರ ಜನವರಿಯಿಂದ ಹೊಸ ಫ್ಯಾಕ್ಸ್ ಯಂತ್ರ ಕೊಳ್ಳಬಾರದೆಂದು ಅಲ್ಲಿನ ಸರಕಾರ ಆದೇಶಿಸಬೇಕಾಯಿತು. ಅಂದರೆ ಅಲ್ಲಿಯವರೆಗೂ ಕೊಳ್ಳುತ್ತಿದ್ದರು. ಅಮೆರಿಕದ ಆಸ್ಪತ್ರೆಗಳಲ್ಲಿ, ಜಪಾನಿನ ಕಚೇರಿಗಳಲ್ಲಿ ಅದು ಇನ್ನೂ ಉಳಿದಿದೆ. ಅಲ್ಲಿರುವ ನಮ್ಮ ಮಕ್ಕಳಿಗೆ ಇದರ ಅಗತ್ಯ ಇಂದಿಗೂ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಳಚಿ ಒಂದೊಂದಾಗಿ ಸೇರಿಸಿ ನೋಡುವ ಕ್ರಮ ಫ್ಯಾಕ್ಸಿಗೆ ಮೀಸಲಲ್ಲ. ಪಂಪ್‌ಸೆಟ್ಟಿಗೂ ಇನ್ವರ್ಟರಿಗೂ ವೈಫೈಗೂ ಅದೇ ಕ್ರಮ ನಡೆಯುತ್ತದೆ.

ಆದ್ದರಿಂದ ಈ ವೇದಿಕೆಯಿಂದ ಎರಡು ಬೇಡಿಕೆಗಳನ್ನು ಮುಂದಿಡುತ್ತೇನೆ. ಮೊದಲನೆಯದು: ಕಂಬ ಹತ್ತಿ, ರಸ್ತೆಬದಿಯ ಕೇಬಲ್ ಪಿಲ್ಲರ್ ಬಿಚ್ಚಿ, ಮಳೆಯಲ್ಲಿ ಜಾಯಿಂಟು ಹಾಕಿದ ನಮ್ಮ ನಿವೃತ್ತ ಲೈನ್‌ಮನ್ನರ ಅನುಭವವನ್ನು ಅವರು ನಮ್ಮೊಡನಿರುವಾಗಲೇ ಕನ್ನಡದಲ್ಲಿ ದಾಖಲಿಸಬೇಕು. ಯಾವ ಊರಿನ ನೆಲದಲ್ಲಿ ತಂತಿ ಬೇಗ ಕೊಳೆಯುತ್ತದೆ, ಯಾವ ಗಾಳಿಗೆ ಯಾವ ಸಾಲು ಬೀಳುತ್ತದೆ ಎಂಬುದು ಅವರ ತಲೆಯಲ್ಲಿದೆ, ಯಾವ ಕಡತದಲ್ಲೂ ಇಲ್ಲ. ಎರಡನೆಯದು: ಪ್ರೌಢಶಾಲೆಯ ವಿಜ್ಞಾನದ ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಕೆಟ್ಟ ಕೂಡಿಕೆಯನ್ನು ಮಕ್ಕಳ ಮುಂದಿಟ್ಟು ದೋಷ ಹುಡುಕಲು ಹಚ್ಚಬೇಕು. ಹಳೆಯ ಫೋನು, ಒಂದು ಬ್ಯಾಟರಿ, ನಾಲ್ಕು ಮೊಳ ತಂತಿ ಸಾಕು. ಏನನ್ನು ಬಿಡಿಸಿದೆ, ಏನು ಬದಲಾಯಿತು, ಅದರಿಂದ ಏನು ತಿಳಿಯಿತು ಎಂದು ಕನ್ನಡದಲ್ಲಿ ಮೂರು ಸಾಲು ಬರೆಯಬಲ್ಲ ಹುಡುಗಿ ನಾಳೆ ಯಾವ ಯಂತ್ರದ ಮುಂದೆಯೂ ಕೈಕಟ್ಟಿ ನಿಲ್ಲುವುದಿಲ್ಲ. ಈ ದತ್ತಿಯ ಹಣದಿಂದ ಮುಂದಿನ ವರ್ಷ ಅಂಥ ಒಂದು ಶಿಬಿರ ನಡೆಸಲು ಸಾಧ್ಯವಾದರೆ, ತಂತಿ ಸ್ಪ್ಲಿಟ್ಟರುಗಳೊಂದಿಗೆ ಮೊದಲ ಪಾಠಕ್ಕೆ ಬರಲು ನಾನು ಸಿದ್ಧ.